ಬೊಕ್‌ಹಿ ಹೇಳಿದ್ದು, ಕಂಪನಿ ಕೇಳಿಸಿಕೊಂಡದ್ದು

ತಾಕ್ ಬೊಕ್‌ಹಿಯ ಬಗ್ಗೆ ಕೊರಿಯಾದ ಪತ್ರಿಕೆಗಳಲ್ಲಿ ಬಂದದ್ದು ಇಷ್ಟೇ: ‘ಮಾದರಿ ತೆಗೆಯುವ ಹೆಂಗಸಿನ ಅಸ್ಪಷ್ಟ ಉಚ್ಚಾರಣೆಯಿಂದ ಗೊಂದಲ’. ಹೆಸರು ಕೂಡ ಹಾಕಲಿಲ್ಲ. ಅರವತ್ತರ ಹತ್ತಿರ ಬಂದ ಒಂದು ಬದುಕನ್ನು ಅರ್ಧ ಸಾಲಿನಲ್ಲಿ ಮುಗಿಸಿ, ಪಕ್ಕದಲ್ಲಿ ಹೊಸ ಕಾರಿನ ಜಾಹೀರಾತು ಹಾಕಿದ್ದರು.

ಅಸ್ಪಷ್ಟ ಉಚ್ಚಾರಣೆಯಂತೆ. ಬೊಕ್‌ಹಿಯ ದನಿ ಕೇಳಿದವರು ಈ ಮಾತಿಗೆ ನಗಬೇಕೋ ಉಗಿಯಬೇಕೋ ತಿಳಿಯದೆ ನಿಲ್ಲುತ್ತಾರೆ. ಇಪ್ಪತ್ತು ವರ್ಷ ಬಾತುಕೋಳಿ ಸಾಕಿದವಳು ಅವಳು. ಸಾವಿರಾರು ಬಾತುಗಳು ಒಟ್ಟಿಗೆ ಕೂಗುವ ಶೆಡ್ಡಿನಲ್ಲಿ ಗಂಡನನ್ನು ಊಟಕ್ಕೆ ಕರೆಯಬೇಕಾದರೆ ಪಿಸುಗುಟ್ಟಿ ಆಗುತ್ತದೆಯೇ? ಅವಳು ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿ ಬೆನ್ನುಜ್ಜಿಕೊಳ್ಳುತ್ತ ಸೊಸೆಯ ಸುದ್ದಿ ಹೇಳಿದರೆ ಗೋಡೆಯಾಚೆ ಗಂಡಸರ ಕಡೆಯಿಂದ ಉತ್ತರ ಬರುತ್ತಿತ್ತು. ಬೀನ್ಸ್ ಪೇಸ್ಟಿನ ಸಾರಿಗೆ ಹಸಿಮೆಣಸು ಹೆಚ್ಚೇ ಹಾಕುವವಳು, ಹಾಗೆಯೇ ಮಾತಾಡುವವಳು.

ಮಂಡಿ ಸವೆದ ಮೇಲೆ ಬಾತು ಸಾಕುವುದನ್ನು ಬಿಟ್ಟು, ಊರಿಗೆಲ್ಲ ಮರಿ ಮತ್ತು ಮೇವು ಕೊಟ್ಟು ಬೆಳೆದ ಬಾತು ಒಯ್ಯುವ ಕಂಪನಿಯಲ್ಲಿ ಮಾದರಿ ತೆಗೆಯುವ ಕೆಲಸಕ್ಕೆ ಸೇರಿದಳು. ಲಾರಿ ಬರುವ ಮುಂಚೆ ಶೆಡ್ಡಿಗೆ ಹೋಗಬೇಕು, ಹತ್ತಿಕಡ್ಡಿಯಿಂದ ಬಾತಿನ ಗಂಟಲು ಒರೆಸಬೇಕು, ಹಕ್ಕಿಜ್ವರ ಇದೆಯೋ ಇಲ್ಲವೋ ನೋಡಬೇಕು. ಬಾತು ಮೋಸದ ಹಕ್ಕಿ. ಕೋಳಿಯಾದರೆ ಜ್ವರ ಬಂದರೆ ಸತ್ತು ತೋರಿಸುತ್ತದೆ. ಬಾತು ವೈರಸ್ ಹೊತ್ತುಕೊಂಡೇ ಮೇಯುತ್ತಿರುತ್ತದೆ. ಮೊದಲೆಲ್ಲ ಮಾದರಿ ಪ್ರಯೋಗಾಲಯಕ್ಕೆ ಹೋಗಿ ಫಲಿತಾಂಶ ಬರುವಷ್ಟರಲ್ಲಿ ಬಾತು ಯಾರದೋ ತಟ್ಟೆಯಲ್ಲಿರುತ್ತಿತ್ತು.

ಕೊರೊನಾ ಮುಗಿದ ಮೇಲೆ ಕೈಯಲ್ಲಿ ಹಿಡಿಯುವ ಯಂತ್ರ ಬಂತು. ಅದರೊಳಗೆ ಉಗುರಿನಗಲದ ಒಂದು ಚಿಪ್. ಚಿಪ್‌ನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಇಂಗಾಲದ ಹಾಳೆ, ಹಾಳೆಯ ಮೇಲೆ ಆ ಒಂದು ವೈರಸ್ಸನ್ನು ಮಾತ್ರ ಹಿಡಿಯುವ ಪ್ರತಿಕಾಯಗಳು. ವೈರಸ್ ಬಂದು ಕೂತರೆ ಹಾಳೆಯಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತದೆ. ಒಂದು ಹನಿ ಹಾಕಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಪರದೆಯ ಮೇಲೆ ಉತ್ತರ. ಎಷ್ಟು ಬುದ್ಧಿವಂತರು ಎಷ್ಟು ವರ್ಷ ಕೂತು ಮಾಡಿದ ಕೆಲಸವೋ. ಅಂಥ ಯಂತ್ರಕ್ಕೆ ಈ ಕಂಪನಿ ಏನು ಮಾಡಿತು ಗೊತ್ತೇ? ಫಲಿತಾಂಶವನ್ನು ನೆನಪಿಟ್ಟುಕೊಳ್ಳುವ ಭಾಗವನ್ನು ತೆಗೆಸಿತು. ಪ್ರಯೋಗದ ಹಂತ, ಸದ್ಯಕ್ಕೆ ಫೋನಿನಲ್ಲಿ ಹೇಳಿದರೆ ಸಾಕು ಎಂದಿತು. ಯಂತ್ರ ಆರಿಸಿದರೆ ಉತ್ತರವೂ ಆರುತ್ತಿತ್ತು. ಸತ್ಯ ಹೇಳುವ ವಸ್ತುವನ್ನು ಕೊಂಡು, ಮೊದಲು ಅದರ ನೆನಪನ್ನು ಕೀಳಿಸುವ ಜನ ಇವರು.

ಫೋನಿನ ಆ ತುದಿಯಲ್ಲಿ ಇರುತ್ತಿದ್ದವನು ಮೆಂಗ್ ಇನ್‌ಸು, ಲಾರಿ ಕಳಿಸುವ ವಿಭಾಗದ ಮುಖ್ಯಸ್ಥ. ನಮ್ಮ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವನು. ಕೆಲಸ ಆಗಬೇಕಾದಾಗ ಬೊಕ್‌ಹಿಯನ್ನು ಅಕ್ಕ ಎನ್ನುತ್ತಿದ್ದ, ಕೆಲಸ ಕೆಟ್ಟಾಗ ಬೀದಿಯಲ್ಲಿ ಯಾವಳನ್ನೋ ಕೂಗುವ ಹಾಗೆ ಆಜುಮ್ಮ ಎನ್ನುತ್ತಿದ್ದ.

ಆ ಚಳಿಗಾಲದ ಒಂದು ಬೆಳಿಗ್ಗೆ ಬೊಕ್‌ಹಿ ಗು ಪಿಲ್‌ಮಾನನ ಶೆಡ್ಡಿಗೆ ಹೋದಳು. ಪಿಲ್‌ಮಾನ್ ಅವಳಿಗಿಂತ ಚಿಕ್ಕವನು, ನಮ್ಮ ಜಿಲ್ಲೆ ಮತ್ತು ಪಕ್ಕದ ಜಿಂಚನ್ ಜಿಲ್ಲೆಯ ಗಡಿಯಲ್ಲಿ ಅವನ ಜಾಗ. ಬಾತುಗಳು ತೂಕಕ್ಕೆ ಬಂದಿದ್ದವು, ಲಾರಿ ಆಗಲೇ ಹೊರಟಿತ್ತು. ಯಂತ್ರ ಪಾಸಿಟಿವ್ ತೋರಿಸಿತು. ಚಿಪ್ ಬದಲಿಸಿ ಇನ್ನೊಂದು ಬಾತಿನ ಹನಿ ಹಾಕಿದಳು. ಮತ್ತೆ ಅದೇ. ಪಿಲ್‌ಮಾನನಿಗೆ ಮುಖಕ್ಕೆ ಮುಖ ಕೊಟ್ಟೇ ಹೇಳಿದಳು, ಇದೆ ಕಣಯ್ಯ, ಬಾಗಿಲು ಹಾಕು ಎಂದು. ಆಮೇಲೆ ಮೆಂಗ್‌ಗೆ ಫೋನು ಮಾಡಿದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ನಮ್ಮ ಕೊರಿಯನ್ ಭಾಷೆಯಲ್ಲಿ ಯಾಂಗ್‌ಸಂಗ್, ನೆಗೆಟಿವ್ ಬಂದರೆ ಉಮ್‌ಸಂಗ್. ನಮ್ಮ ಜಿಲ್ಲೆಯ ಹೆಸರೂ ಉಮ್‌ಸಂಗ್. ಬರೆದರೂ ಒಂದೇ, ಅಂದರೂ ಒಂದೇ.

ಬೊಕ್‌ಹಿ ಯಾಂಗ್‌ಸಂಗ್ ಎಂದಳು. ಮೆಂಗ್ ಕೇಳಿದ, “ಅಕ್ಕ, ಆ ಶೆಡ್ಡು ಯಾವ ಜಿಲ್ಲೆಗೆ ಸೇರುತ್ತೆ? ಜಿಂಚನ್ನೋ, ಉಮ್‌ಸಂಗೋ?”

“ಉಮ್‌ಸಂಗ್.”

“ಸರಿ. ಕೇಳಿಸ್ತು.”

ಫೋನ್ ಇಟ್ಟ. ಅವಳು ಬೂಟು ತೊಳೆದು, ಮೈಮೇಲೆ ಔಷಧಿ ಹೊಡೆಸಿಕೊಂಡು, ನಿಯಮದಂತೆ ಮನೆ ಸೇರಿ ಬಾಗಿಲು ಹಾಕಿಕೊಂಡಳು. ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಪಿಲ್‌ಮಾನನ ಬಾತುಗಳನ್ನು ತುಂಬಿಕೊಂಡ ಲಾರಿ ಸೇತುವೆ ದಾಟುತ್ತಿದೆ. ಮೆಂಗ್ ಫೋನ್ ಎತ್ತಲಿಲ್ಲ. ಪಿಲ್‌ಮಾನ್ ಎತ್ತಿ, ಆಫೀಸಿನಿಂದಲೇ ನೆಗೆಟಿವ್ ಎಂದು ಹೇಳಿದರಲ್ಲ ಎಂದ. ಜಿಲ್ಲಾ ಕಚೇರಿಗೆ ಫೋನು ಮಾಡಿದಳು. ಅಲ್ಲಿ, ದೂರು ಕಂಪನಿಯ ಮೂಲಕ ಬರಬೇಕು ಎಂದರು.

ಆ ಲಾರಿಯ ಪಂಜರಗಳು ತೊಳೆಯದೆ ಮುಂದಿನ ಊರಿಗೆ ಹೋದವು, ಅಲ್ಲಿಂದ ಮುಂದಿನ ಊರಿಗೆ. ಒಂದು ಶೆಡ್ಡು ಮುಚ್ಚಿದರೆ ಮುಗಿಯುತ್ತಿದ್ದದ್ದು ಇಡೀ ಕಣಿವೆಯಾಯಿತು. ಬಿಳಿ ಉಡುಪಿನವರು ಬಂದು ಶೆಡ್ಡುಗಳಿಗೆ ಪ್ಲಾಸ್ಟಿಕ್ ಹೊದಿಸಿ ಗ್ಯಾಸ್ ಬಿಟ್ಟರು. ಕೂಗುತ್ತಿದ್ದ ಶೆಡ್ಡು ಸುಮ್ಮನಾಗುವುದನ್ನು ನೀವು ಕೇಳಿಲ್ಲ, ಕೇಳಬೇಡಿ. ಕಾಯಿಲೆಯ ಗಾಳಿಯೂ ಸೋಕದ ಬಾತುಗಳನ್ನೂ ಮುನ್ನೆಚ್ಚರಿಕೆ ಎಂಬ ಹೆಸರಲ್ಲಿ ಹೂತರು. ಮಾರ್ಚಿನಲ್ಲಿ ಮಂಜು ಕರಗಿದಾಗ ಗುಂಡಿಗಳ ಮೇಲಿನ ಮಣ್ಣು ಉಬ್ಬಿತು. ಆ ವಾಸನೆ ಒಣಗಲು ಹಾಕಿದ ಬಟ್ಟೆಗೆ, ಅನ್ನಕ್ಕೆ, ಕೂದಲಿಗೆ ಅಂಟಿತು. ಕಂಪನಿಯ ಅಧಿಕಾರಿಗಳು ಆ ತಿಂಗಳು ಕಾರಿನ ಗಾಜು ಇಳಿಸಲೇ ಇಲ್ಲ.

ಹೊಣೆ ಯಾರದು ಎಂಬ ಪ್ರಶ್ನೆ ಎದ್ದಾಗ ಕಂಪನಿ ಫೋನಿನ ಧ್ವನಿಮುದ್ರಣ ಹೊರಗೆ ತಂದಿತು. ಅದರಲ್ಲಿ ಬೊಕ್‌ಹಿಯ ಗಂಟೆಯಂಥ ದನಿ: ಉಮ್‌ಸಂಗ್. ಅದರ ಹಿಂದಿನ ಯಾಂಗ್‌ಸಂಗ್, ಮೆಂಗ್ ಕೇಳಿದ ಜಿಲ್ಲೆಯ ಪ್ರಶ್ನೆ? ಸಿಗ್ನಲ್ ಸರಿ ಇರಲಿಲ್ಲವಂತೆ. ನೋಡಿ, ಯಂತ್ರಕ್ಕೆ ನೆನಪಿರಲಿಲ್ಲ, ಫೋನಿಗೆ ಮಾತ್ರ ಬೇಕಾದಷ್ಟೇ ನೆನಪು. ಊರಿನವರು ಬೊಕ್‌ಹಿಯನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗತೊಡಗಿದರು. ಕಣಿವೆಯ ಬಾತುಗಳನ್ನೆಲ್ಲ ಕೊಂದವಳು ಅವಳೇ ಎಂದಾಯಿತು. ಇನ್ನು ಅವಳಿಗೆ ಉಳಿದದ್ದು ಒಂದೇ: ತಾನು ಹೇಳಿದ್ದು ಹೇಳಿದ್ದೇ ಎಂದು ಯಾರ ಬಾಯಿಂದಾದರೂ ಬರಬೇಕಿತ್ತು.

ವಿಚಾರಣೆಗೆ ರಾಜಧಾನಿ ಸೋಲ್‌ನಿಂದ ಸಮಿತಿ ಬಂತು, ಬಾತು ಕಳೆದುಕೊಂಡ ಊರಿನವರೂ ಬಂದು ಕೂತರು. ಬೇರೆಯವರು ವಕೀಲರ ಜೊತೆ ಬಂದರೆ ಬೊಕ್‌ಹಿ ತನ್ನ ದಪ್ಪ ಕೋಟಿನ ಜೊತೆ ಬಂದಳು. ಅವಳ ವಾದ ಸರಳವಾಗಿತ್ತು. ಈ ಜಿಲ್ಲೆಯಲ್ಲಿ ನೆಗೆಟಿವ್‌ಗೆ ಯಾರೂ ಉಮ್‌ಸಂಗ್ ಎನ್ನುವುದಿಲ್ಲ, ಖಾಲಿ ಎನ್ನುತ್ತೇವೆ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ ಕೊರೊನಾ ಕಾಲದ ಕತೆ ಹೇಳಿದಳು. ಒಬ್ಬ ಮುದುಕ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ ನನ್ನ ಫಲಿತಾಂಶ ಏನಮ್ಮ ಎಂದನಂತೆ. ಹುಡುಗಿ ಉಮ್‌ಸಂಗ್ ಎಂದಳು. ಮುದುಕನಿಗೆ ಸಿಟ್ಟು ಬಂತು. “ನಾನು ಉಮ್‌ಸಂಗ್‌ನವನೇ ಕಣಮ್ಮ, ನಮ್ಮಪ್ಪನೂ ಉಮ್‌ಸಂಗ್‌ನವನೇ. ಕಾಯಿಲೆ ಇದೆಯೋ ಇಲ್ವೋ ಹೇಳು.”

ಸಮಿತಿಯವರು ಬಿದ್ದು ಬಿದ್ದು ನಕ್ಕರು. ಆದರೆ ಅವರಿಗಿಂತ ಮೊದಲು ನಕ್ಕವನು ಮೆಂಗ್. ಕತೆಯ ಹುಡುಗಿ ಬಾಯಿ ತೆರೆಯುವಷ್ಟರಲ್ಲೇ, ಮುದುಕನ ಉತ್ತರ ಬರುವ ಮುಂಚೆಯೇ ಅವನ ಹೆಗಲು ಕುಲುಕಿತ್ತು.

ಬೊಕ್‌ಹಿ ಅವನ ಕಡೆ ತಿರುಗಿದಳು. “ಮೆಂಗ್ ಸಾಹೇಬ್ರೆ, ಇವರೆಲ್ಲ ಕತೆ ಮುಗಿದ ಮೇಲೆ ನಕ್ರು. ನಿಮಗೆ ಮೊದಲೇ ಗೊತ್ತಿತ್ತಲ್ಲ. ನಿಮ್ಮ ತಾಯಿ ಮನೇಲೂ ಖಾಲಿ ಅಂತಲೇ ಅಂತಾರೆ ತಾನೇ?”

ಮೆಂಗ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. ಸಮಿತಿಯ ಅಧ್ಯಕ್ಷ ಗಡಿಯಾರ ನೋಡಿದ. ಇಂಥ ಸ್ವಾರಸ್ಯದ ಪ್ರಸಂಗಗಳು ದಾಖಲೆಗೆ ಬೇಕಾಗಿಲ್ಲ ಎಂದು ಪಕ್ಕದವನಿಗೆ ಹೇಳಿದ. ನಗಲು ಬೇಕಿತ್ತು, ಬರೆಯಲು ಬೇಡವಾಯಿತು.

ಆಮೇಲೆ ಪಿಲ್‌ಮಾನನನ್ನು ಕರೆದರು. ಆ ಬೆಳಿಗ್ಗೆ ಈಕೆ ನಿನಗೆ ಏನು ಹೇಳಿದಳು ಎಂದು ಕೇಳಿದರು. ಬೊಕ್‌ಹಿ ನೆಟ್ಟಗೆ ಕೂತಳು. ಪಿಲ್‌ಮಾನ್ ಟೋಪಿಯನ್ನು ಮಡಚಿದ, ಬಿಚ್ಚಿದ. ಮುಂದಕ್ಕೆ ಹೊಸ ಮರಿಗಳನ್ನು ಕೊಡಬೇಕಾದ ಕಂಪನಿಯವರು ಎದುರುಗಡೆಯೇ ಸಾಲಾಗಿ ಕೂತಿದ್ದರು.

“ಬಾತುಗಳು ತುಂಬಾ ಕೂಗ್ತಿದ್ವು ಸಾರ್. ನಂಗೇನೂ ಕೇಳಿಸ್ಲಿಲ್ಲ.”

ಮೆಂಗ್‌ನಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ, ಅವರ ಮೇಲೆ ನನಗೆ ಬರುವುದು ಬರೀ ಸಿಟ್ಟು. ಪಿಲ್‌ಮಾನನ ಆ ಮಾತನ್ನು ಮಾತ್ರ ನನಗೆ ಮರೆಯಲು ಆಗಿಲ್ಲ. ಸ್ವಂತ ಬಾತುಗಳನ್ನು ಗ್ಯಾಸಿಗೆ ಕೊಟ್ಟವರ ಮುಂದೆ ನಿಂತು, ಬಾತುಗಳ ಕೂಗನ್ನೇ ಸಾಕ್ಷಿಗೆ ಕರೆದನಲ್ಲ.

ಕೊನೆಗೆ ಬೊಕ್‌ಹಿಯ ಮುಂದೆ ಒಂದು ಹೇಳಿಕೆ ಇಟ್ಟರು. ನನ್ನ ಉಚ್ಚಾರಣೆ ಸ್ಪಷ್ಟವಾಗಿರಲಿಲ್ಲ, ಇದಕ್ಕಾಗಿ ವಿಷಾದಿಸುತ್ತೇನೆ. ಸಹಿ ಹಾಕಿದರೆ ಯಾರಿಗೂ ಶಿಕ್ಷೆ ಇಲ್ಲ, ಅವಳ ಕೆಲಸವೂ ಉಳಿಯುತ್ತದೆ ಎಂದರು. ಅವಳು ಓದಿದಳು, ಪೆನ್ನಿನ ಮುಚ್ಚಳ ಹಾಕಿ ಅಧ್ಯಕ್ಷನ ಕಡೆ ತಳ್ಳಿದಳು. ಅಷ್ಟು ಹೊತ್ತಿನಿಂದ ತಾನು ಆಡಿದ್ದರಲ್ಲಿ ಯಾವ ಪದ ಯಾರಿಗೆ ಸ್ಪಷ್ಟವಾಗಲಿಲ್ಲ ಎಂದು ಒಬ್ಬೊಬ್ಬರನ್ನೇ ಕೇಳಿದಳು. ವರದಿಯಲ್ಲಿ ಉಚ್ಚಾರಣೆ ಅಸ್ಪಷ್ಟವೆಂದೇ ಬಂತು, ಕೆಲಸ ಹೋಯಿತು. ಮೆಂಗ್ ಈಗ ಇನ್ನೂ ದೊಡ್ಡ ವಿಭಾಗದ ಮುಖ್ಯಸ್ಥ.

ಈಗ ಅವಳು ಒಂದು ಶಾಲೆಯ ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚುತ್ತಾಳೆ. ಪಿಲ್‌ಮಾನನಿಗೆ ಮರಿಗಳು ಬಂದವು. ಹೋದ ತಿಂಗಳು ಒಂದು ಸಂಜೆ ಅವನು ಪಿಯರ್ ಹಣ್ಣಿನ ಪೆಟ್ಟಿಗೆ ಹಿಡಿದು ಅವಳ ಗೇಟಿನ ಹೊರಗೆ ನಿಂತಿದ್ದ. ಅಕ್ಕಪಕ್ಕ ನೋಡಿ ದನಿ ತಗ್ಗಿಸಿ ಹೇಳಿದ, “ಅಕ್ಕ, ಅವತ್ತು ನಂಗೆ ಕೇಳಿಸಿತ್ತು.”

ಬೊಕ್‌ಹಿ ಗೇಟು ತೆರೆಯಲಿಲ್ಲ. “ನಂಗ್ಯಾಕೆ ಹೇಳ್ತೀಯ? ನಾನು ಹೇಳಿದ್ದು ನಂಗೆ ಗೊತ್ತಿಲ್ವಾ? ಹೇಳೋದಾದ್ರೆ ಬಸ್‌ಸ್ಟಾಂಡಿನಲ್ಲಿ ನಿಂತು ಹೇಳು.”

ಇಡೀ ಬೀದಿಗೆ ಕೇಳಿಸಿತು. ಪಿಲ್‌ಮಾನ್ ಹಣ್ಣಿನ ಪೆಟ್ಟಿಗೆಯನ್ನು ಗೋಡೆಯ ಬುಡದಲ್ಲಿಟ್ಟು ಹೋದ. ಬಸ್‌ಸ್ಟಾಂಡಿನ ಕಡೆಗಲ್ಲ, ಶೆಡ್ಡಿನ ಕಡೆಗೆ. ಹಣ್ಣು ಇವತ್ತಿಗೂ ಅಲ್ಲೇ ಕೊಳೆಯುತ್ತಿದೆ.