ಹಾಡಿಗೆ ಮೊದಲು ಅಕ್ಕನ ಹೆಸರು

ಮೈಸೂರು ರಾಜ್ಯ ಕರ್ನಾಟಕವಾದ ವರ್ಷ, ಎಪ್ಪತ್ತಮೂರರಲ್ಲಿ, ಕುಂದಾಪುರದ ನಮ್ಮ ಮನೆಗೆ ರೇಡಿಯೋ ಬಂತು. ನಾನು ಆಗಷ್ಟೇ ಹೈಸ್ಕೂಲು ಮುಗಿಸಿ ಬೆಲ್‌ಬಾಟಮ್ ಹೊಲಿಸಿಕೊಂಡಿದ್ದೆ. ಅದು ಬೀದಿಯ ಧೂಳನ್ನೆಲ್ಲ ಗುಡಿಸುತ್ತಿತ್ತು. ಭಾನುವಾರ ಕೋರಿಕೆಯ ಚಿತ್ರಗೀತೆಗಳು. ಹಾಡಿಗೆ ಮೊದಲು, ಕಾರ್ಡು ಬರೆದವರ ಹೆಸರು ಮತ್ತು ಊರು ಓದುತ್ತಿದ್ದರು. ಹಾಡಿಗಿಂತ ಅದಕ್ಕೇ ನಾವು ಕಿವಿಗೊಡುತ್ತಿದ್ದೆವು.

ಅಕ್ಕ ಒಂದು ಕಾರ್ಡು ಬರೆದಳು. ಮೊದಲು ಅವಳ ಹೆಸರು, ಆಮೇಲೆ ನನ್ನದು, ಊರಿನ ಮುಂದೆ ಹೊಚ್ಚ ಹೊಸದಾಗಿ 'ಕರ್ನಾಟಕ'. ಅಂಚೆಗೆ ಹಾಕಲು ಹೊರಟ ನಾನು ದಾರಿಯಲ್ಲಿ ಅವಳ ಹೆಸರನ್ನು ಹೊಡೆದು ಹಾಕಿದೆ. ಮದುವೆಯಾಗದ ಹುಡುಗಿಯ ಹೆಸರು ಸಿನಿಮಾ ಹಾಡಿನ ಜೊತೆ ಬಂದರೆ ಜನ ಆಡಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಗೆಳೆಯರೆದುರು ನನ್ನ ಹೆಸರೊಂದೇ ಮೊಳಗಬೇಕಿತ್ತು.

ಮೊಳಗಿತು. ಹಾಡು ಮುಗಿದರೂ ಅಕ್ಕ ರೇಡಿಯೋ ಪಕ್ಕದಿಂದ ಏಳಲಿಲ್ಲ.

"ನನ್ ಹೆಸ್ರ್ ಎಂತಕ್ಕೆ ಬರ್ಲಿಲ್ಲೆ ಮಾಣಿ?"

"ನಿನ್ ಅಕ್ಷರ ಕೋಳಿ ಕೆದ್ಕಿದಾಂಗೆ ಇತ್ತಲೆ, ಯಾರ್ ಓದ್ತ್ರ್?"

ಅವಳೂ ನಕ್ಕಳು. ಆದರೆ ಮತ್ತೆಂದೂ ಕಾರ್ಡು ಬರೆಯಲಿಲ್ಲ.

ನಾನು ಲಂಡನ್ನಿಗೆ ಬಂದು, ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಲೇ ತಲೆ ನರೆಸಿಕೊಂಡೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಇಲ್ಲಿನ ಒಂದು ಸಣ್ಣ ರೇಡಿಯೋದಲ್ಲಿ ಭಾನುವಾರ ಒಂದು ಗಂಟೆ ಕನ್ನಡ ಹಾಡು ಹಾಕತೊಡಗಿದರು. ಕೋರಿಕೆಯೂ ಉಂಟು ಎಂದು ಕೇಳಿದ್ದೇ ನನಗೆ ಊರಿನ ಜಗಲಿಯಲ್ಲಿ ರೇಡಿಯೋಕ್ಕೆ ಕಿವಿ ತಾಗಿಸಿ ಕೂತ ಅಕ್ಕ ಕಣ್ಣಮುಂದೆ ಬಂದಳು. ಫೋನ್ ಮಾಡಿ, ಅಕ್ಕ ಅಂದು ಬಯಸಿದ್ದ ಹಾಡನ್ನೇ ಕೋರಿ, ಅವಳ ಹೆಸರೊಂದನ್ನೇ ಕೊಟ್ಟೆ.

"ಡ್ಯಾಡ್, ಆಂಟಿ ಕಾಂಟ್ ಈವನ್ ಹಿಯರ್ ಇಟ್ ಇನ್ ಇಂಡಿಯಾ!" ಊರಿನಲ್ಲಿರುವ ಅತ್ತೆಗೆ ಇದು ಕೇಳುವುದೇ ಇಲ್ಲವಲ್ಲ ಎಂದು ಮಗಳು ನಕ್ಕಳು.

ಅದಕ್ಕೇ, ಮೊದಲೇ ದುಡ್ಡು ಕಟ್ಟಿ ಊರಿಗೆ ಫೋನ್ ಮಾಡುವ ಕಾಲಿಂಗ್ ಕಾರ್ಡು ತಂದಿಟ್ಟಿದ್ದೆ. ಆ ಭಾನುವಾರ ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಫ್ಲಾಟಿನಿಂದ ಅಕ್ಕನಿಗೆ ಫೋನ್ ಹಚ್ಚಿ, ರಿಸೀವರನ್ನು ರೇಡಿಯೋಕ್ಕೆ ಹಿಡಿದೆ. ಅವಳ ಹೆಸರು ಬಂತು, ಕುಂದಾಪುರವೂ ಬಂತು. ಹಾಡು ಶುರುವಾಯಿತು. ರಿಸೀವರು ಕಿವಿಗೆ ತಂದೆ.

"ನಿನ್ ಹೆಸ್ರ್ ಬರ್ಲಿಲ್ಲೆ ಅಲ್ದಾ ಮಾಣಿ?" ಎಂದಳು.

"ನಾನೇ ಕೊಡ್ಲಿಲ್ಲೆ ಅಕ್ಕ. ಆವತ್ತ್ ನಿನ್ ಹೆಸ್ರ್ ಹೊಡ್ದ್ ಹಾಕಿದ್ದೂ ನಾನೇ. ನಿನ್ ಅಕ್ಷರ ಚಂದ ಇತ್ತ್."

ನಾನು ಬೈಗುಳಕ್ಕೆ ಕಾದೆ.

"ಸುಮ್ನಿರ್. ಫೋನ್ ರೇಡಿಯೋಕ್ಕೆ ಹಿಡಿ, ಹಾಡ್ ಕೇಂತೆ."

ಹಿಡಿದೆ. ಹಾಡು ಮುಗಿದು ಬೇರೆಯವರ ಕೋರಿಕೆ ಬಂದರೂ, ಕಾಲಿಂಗ್ ಕಾರ್ಡಿನ ದುಡ್ಡು ಮುಗಿದು ಲೈನು ಕಡಿಯುವ ತನಕ, ಹಾಗೆಯೇ ಹಿಡಿದು ನಿಂತಿದ್ದೆ.