ನಾಲ್ಕು ಸಂಸಾರಗಳ ಸ್ವಾವಲಂಬನೆ

ಒಂದು ಭಾನುವಾರ ನನ್ನ ಗಂಡ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಇನ್ನು ಮುಂದೆ ನಾವು ಯಾರನ್ನೂ ಅವಲಂಬಿಸದೆ ಬದುಕಬೇಕು ಎಂದು ಘೋಷಿಸಿದರು. ಆಮೇಲೆ ಕಾಫಿ ಕೇಳಿದರು.

ಎಂಬತ್ತರ ದಶಕದ ನಡುವಿನ ಮಾತು. ನಮಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಅವರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಅಲ್ಲೇ ಹತ್ತಿರ ಕಾಲೇಜು ಮೇಷ್ಟ್ರೊಬ್ಬರ ಮನೆಯಲ್ಲಿ ವಾರಕ್ಕೊಮ್ಮೆ ಸಭೆ ಸೇರುತ್ತಿತ್ತು. ಮೇಷ್ಟ್ರು ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದರು. ಬಿಡುವಿದ್ದಾಗ ನಾಗರಿಕತೆಯ ಅವನತಿಯ ಬಗ್ಗೆ ಯೋಚಿಸುತ್ತಿದ್ದರು. ಅವರಿಗೆ ಬಿಡುವು ಬಹಳ ಇತ್ತು.

ಕೆಂಗೇರಿಯ ಆಚೆ ಎರಡು ಎಕರೆ ಗುತ್ತಿಗೆಗೆ ಹಿಡಿದು ನಾಲ್ಕು ಸಂಸಾರ ಒಟ್ಟಿಗೆ ಇರುವುದು ಅವರ ಯೋಜನೆ. ಒಂದೇ ಅಡುಗೆಮನೆ, ಒಂದೇ ಹಸು, ಒಂದೇ ಬಾವಿ. ಬೇಕಾದದ್ದನ್ನು ನಾವೇ ಬೆಳೆದುಕೊಳ್ಳಬೇಕು. ‘ನನ್ನದು’ ಎಂಬ ಮಾತನ್ನು ಯಾರೂ ಆಡಕೂಡದು.

“ಅಡುಗೆ ಯಾರು ಮಾಡೋದು?” ಎಂದು ಕೇಳಿದೆ.

“ಎಲ್ಲರೂ ಕಣೇ, ಸರದಿ ಪ್ರಕಾರ. ಅಲ್ಲಿ ಗಂಡಸು ಹೆಂಗಸು ಅನ್ನೋ ಭೇದವೇ ಇಲ್ಲ.”

ಮುಚ್ಚಿಡುವುದೇಕೆ, ನನಗೂ ಆಸೆಯಾಯಿತು. ಆಗ ನಮ್ಮ ಕೊಳಾಯಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ನಾನು ಎಷ್ಟು ಬಕೆಟ್ ಹಿಡಿದೆನೆಂದು ಓನರ್ ಆಂಟಿ ಮಹಡಿಯ ಕಿಟಕಿಯಿಂದ ನೋಡುತ್ತಿದ್ದರು. ಬಾವಿಯೊಂದು ಸಿಗುವುದಾದರೆ ಅದರ ಜೊತೆಗೆ ಬರುವ ಸಿದ್ಧಾಂತವನ್ನೂ ಸಹಿಸಿಕೊಳ್ಳಬಹುದು ಅನ್ನಿಸಿತು.

ಯುಗಾದಿ ಕಳೆದ ಮೇಲೆ ಹೋದೆವು. ಮಣ್ಣಿನ ಗೋಡೆಯ ಉದ್ದನೆಯ ಹೆಂಚಿನ ಮನೆ. ನಡುವೆ ಅಡುಗೆಮನೆ, ಅಕ್ಕಪಕ್ಕ ಎರಡೆರಡು ಕೋಣೆ. ಜಮೀನು ಪಕ್ಕದ ಹಳ್ಳಿಯ ಅಜ್ಜಿಯೊಬ್ಬರದು. ಮೊದಲ ದಿನವೇ ಅಜ್ಜಿ ನಮ್ಮನ್ನು ನೋಡಲು ಬಂದರು.

“ಬೆಂಗ್ಳೂರಲ್ಲಿ ಮನೆ ಇಲ್ವಾ ನಿಮ್ಗೆ?”

ಮೇಷ್ಟ್ರು ಕಾಲು ಗಂಟೆ ವಿವರಿಸಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು “ಪಾಪ” ಎಂದು ಹೊರಟುಹೋದರು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನಾಲ್ವರು ಗಂಡಸರೂ ಟಿಫಿನ್ ಡಬ್ಬಿ ಹಿಡಿದು ಬಸ್‌ಸ್ಟಾಪಿನ ಕಡೆ ನಡೆದರು. ಯಾರೂ ನೌಕರಿ ಬಿಟ್ಟಿರಲಿಲ್ಲ. ನೌಕರಿ ಬಿಡುವುದು ಎರಡನೆಯ ಹಂತವಂತೆ. ಮೊದಲನೆಯ ಹಂತದಲ್ಲಿ ಹೆಂಗಸರು ನಾಗರಿಕತೆಯನ್ನು ತ್ಯಜಿಸಬೇಕಿತ್ತು.

ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ರಾಜಾಜಿನಗರದಲ್ಲೇ ಹುಟ್ಟಿ ಬೆಳೆದವರು, ಮಕ್ಕಳಿರಲಿಲ್ಲ. ಇಲ್ಲಿಗೆ ಬರುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಹೊರಡುವ ದಿನ ಅತ್ತಿದ್ದರು. ಕಣ್ಣೀರು ಒರೆಸಿಕೊಂಡು, ಸೀರೆಗಳ ಟ್ರಂಕಿನೊಳಗೆ ಒಂದು ಸೀಮೆಎಣ್ಣೆ ಸ್ಟವ್ ಬಚ್ಚಿಟ್ಟುಕೊಂಡು ಬಂದಿದ್ದರು. ನಮ್ಮನ್ನು ಉಪವಾಸದಿಂದ ಕಾಪಾಡಿದ್ದು ಅದೇ. ಮೇಷ್ಟ್ರು ಆಸ್ಥೆಯಿಂದ ಹಾಕಿಸಿದ್ದ ಗೋಬರ್ ಗ್ಯಾಸ್ ಒಲೆ, ಮುದ್ದೆಯ ಹಿಟ್ಟು ಬೇಯುವಷ್ಟರಲ್ಲಿ ಆರಿಹೋಗುತ್ತಿತ್ತು. ಒಂದು ಹಸುವಿನ ಸಗಣಿಯಲ್ಲಿ ಹನ್ನೊಂದು ಜನರ ಅಡುಗೆ ಆಗುವುದಿಲ್ಲವೆಂದು ಅರ್ಥಶಾಸ್ತ್ರದಲ್ಲಿ ಎಲ್ಲೂ ಬರೆದಿಲ್ಲವೇನೋ. ಕೊನೆಗೆ ಅಕ್ಕನೂ ನಾನೂ ಬುಟ್ಟಿ ಹಿಡಿದು ಅಜ್ಜಿಯ ಕೊಟ್ಟಿಗೆಗೆ ಹೋದೆವು.

“ಏನ್ ಬೇಕಿತ್ತವ್ವಾ? ಹಾಲಾ?”

“ಸಗಣಿ,” ಎಂದರು ಅಕ್ಕ.

ಅಜ್ಜಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. “ಯಾರ ಹಂಗೂ ಇಲ್ದಂಗೆ ಬದುಕ್ತೀವಿ ಅಂತಿದ್ರಲ್ಲ ನಿಮ್ ಯಜಮಾನ್ರು?”

“ಅವ್ರು ಹಂಗೇ ಬದುಕ್ತಾ ಇದಾರೆ ಅಜ್ಜಿ. ಸಗಣಿ ಹೊರೋದು ನಾವು.”

ಅಂದಿನಿಂದ ಅವರಿಬ್ಬರೂ ಗೆಳತಿಯರಾದರು.

ಗಂಡಸರ ಅಡುಗೆ ಸರದಿ ಭಾನುವಾರ. ಅಂದು ಅವರು ಅವಲಕ್ಕಿ ನೆನೆಸುತ್ತಿದ್ದರು. ಒಗ್ಗರಣೆ ಅಗತ್ಯವೋ ಭೋಗವೋ ಎಂಬ ಚರ್ಚೆ ಮುಗಿಯುವ ಹೊತ್ತಿಗೆ ಅವಲಕ್ಕಿ ಅಂಟಾಗಿರುತ್ತಿತ್ತು. ಪಾತ್ರೆ ತೊಳೆಯುವ ಸರದಿಯ ಬಗ್ಗೆ ನಿಯಮಾವಳಿಯಲ್ಲಿ ಏನೂ ಇರಲಿಲ್ಲ. ಆದ್ದರಿಂದ ಅದನ್ನು ನಾವೇ ತೊಳೆಯುತ್ತಿದ್ದೆವು.

ನನ್ನ ಗಂಡನಿಗೆ ತರಕಾರಿಯ ಹೊಣೆ. ದಿನವೂ ಬೆಳಿಗ್ಗೆ ಬಸ್ಸಿಗೆ ಓಡುವ ಮೊದಲು ಬದನೆ ಗಿಡಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದು ಎಲೆಯನ್ನೂ ಮಗುಚಿ ನೋಡುತ್ತಿದ್ದರು. ಹುಳುಗಳು ಅವರಿಗಿಂತ ಮೊದಲೇ ಎದ್ದು ನೋಡಿಯಾಗಿರುತ್ತಿತ್ತು. ಆದರೂ ಅವರು ಅಷ್ಟು ಖುಷಿಯಾಗಿದ್ದದ್ದನ್ನು ಮದುವೆಯಾದ ಮೇಲೆ ನಾನು ಕಂಡಿರಲಿಲ್ಲ. ಅದಕ್ಕೇ ಜಗಳ ಆಡಲು ಮನಸ್ಸು ಬರುತ್ತಿರಲಿಲ್ಲ. ದಿನಕ್ಕೆ ಒಂದೇ ಸಲ ಆಡುತ್ತಿದ್ದೆ.

ಈ ನಡುವೆ ಅಕ್ಕ ಬಚ್ಚಲ ನೀರು ಹರಿಯುವ ಜಾಗದಲ್ಲಿ ಅಜ್ಜಿ ಕೊಟ್ಟ ಬೀಜ ಚೆಲ್ಲಿದ್ದರು. ದಂಟು, ಮೆಂತ್ಯ, ಕೊತ್ತಂಬರಿ. ಯಾವ ಸಭೆಯ ನಿರ್ಣಯವೂ ಇಲ್ಲದೆ ಅದು ಹುಲುಸಾಗಿ ಬೆಳೆಯಿತು. ಅಷ್ಟು ದೊಡ್ಡ ಜಮೀನಿನಲ್ಲಿ ನಾವು ನಿಜಕ್ಕೂ ಬೆಳೆದು ತಿಂದದ್ದು ಆ ಸೊಪ್ಪೊಂದನ್ನೇ. ಅಕ್ಕ ಮಡಿಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋದರು. ಮಧ್ಯಾಹ್ನ ಅಜ್ಜಿ ಬಂದು ಬದುವಿನ ಮೇಲೆ ಕೂತು ತಪ್ಪು ಹೇಳುತ್ತಿದ್ದರು, ಅಕ್ಕ ತಿದ್ದಿಕೊಳ್ಳುತ್ತಿದ್ದರು. ಅವರ ಕೈಯ ಬಣ್ಣ ಬದಲಾಯಿತು. ಮೇಷ್ಟ್ರು ಅದನ್ನು ಗಮನಿಸಲಿಲ್ಲ. ಅವರು ಎರಡನೆಯ ಹಂತದ ಕರಡು ಸಿದ್ಧಪಡಿಸುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಷ್ಟ್ರು ತುರ್ತು ಸಭೆ ಕರೆದು ಗಂಟಲು ಸರಿಮಾಡಿಕೊಂಡರು. ಎಂದೋ ಅರ್ಜಿ ಹಾಕಿದ್ದ ಸೈಟು ಮಂಜೂರಾಗಿತ್ತು, ವಿಜಯನಗರದ ಹತ್ತಿರ.

“ಬಿಟ್ಟುಬಿಟ್ರೆ ಯಾರೋ ದುರಾಸೆಯವರ ಪಾಲಾಗುತ್ತೆ, ಅದಕ್ಕೋಸ್ಕರ...” ಎಂದು ಸ್ವಲ್ಪ ತಡೆದು, “ಮೂಲೆ ಸೈಟು,” ಎಂದರು. ದೇವರ ಹೆಸರನ್ನೂ ಅವರು ಅಷ್ಟು ಭಕ್ತಿಯಿಂದ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಸಮಾನತೆಯ ಸಭೆ ಅವರ ಹತ್ತಿರಕ್ಕೆ ಸರಿದು ಕೂತಿತು. ಆಮೇಲೆ ನನ್ನ ಗಂಡ ಕೇಳಿದರು: “ಬಾಗಿಲು ಪೂರ್ವಕ್ಕೆ ಬರುತ್ತಾ ಸಾರ್?”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆ ಆರು ತಿಂಗಳಲ್ಲಿ ಅಂಥ ಒಮ್ಮತ ಎಂದೂ ಮೂಡಿರಲಿಲ್ಲ. ಆಗ ಅಕ್ಕ ಅಡುಗೆಮನೆಯಿಂದ ಹೊರಗೆ ಬಂದು ನಿಂತರು.

“ನೀವು ಹೋಗಿ ಮನೆ ಕಟ್ಟಿಸ್ಕೊಳ್ಳಿ. ನಾನು ಬರಲ್ಲ.”

“ಏನು ಅಂತ ಮಾತಾಡ್ತೀಯ? ಇಲ್ಲಿಗೆ ಬರಲ್ಲ ಅಂತ ಅತ್ತವಳು ನೀನೇ ಅಲ್ವಾ?” ಎಂದರು ಮೇಷ್ಟ್ರು.

“ಆಗ ನೀವು ಕರ್ಕೊಂಡು ಬಂದ್ರಿ. ಈಗ ನಾನಾಗೇ ಇರ್ತೀನಿ. ಎರಡೂ ಬೇರೆ ಕಣ್ರೀ.”

“ಒಂಟಿ ಹೆಂಗಸು...”

“ಒಂಟಿ ಯಾಕೆ? ಅಜ್ಜಿ ಇದಾರೆ. ಕೂಡಿ ಬಾಳ್ಬೇಕು ಅಂತ ನೀವೇ ಹೇಳ್ಕೊಟ್ರಲ್ಲ.”

ಅಕ್ಕ ನಿಜವಾಗಿಯೂ ಉಳಿದರು. ಒಂದು ತಿಂಗಳೊಳಗೆ ಉಳಿದ ಮೂರು ಸಂಸಾರಗಳೂ ಖಾಲಿ ಮಾಡಿದವು. ನಾನೂ ಮೂಟೆ ಕಟ್ಟಿದೆ. ಬಾವಿ ಕಟ್ಟೆಯ ಹತ್ತಿರ ಅಕ್ಕ ನನ್ನ ಕೈ ಹಿಡಿದು “ಇರ್ತೀಯೇನೇ?” ಎಂದು ಕೇಳಿದ್ದರು. ನಾನು ಏನೋ ತಮಾಷೆ ಮಾಡಿ ನಗಿಸಿ ಜಾರಿಕೊಂಡೆ. ಕೊಂಕು ಮಾತು ನನಗೆ ಎಂದಿನಿಂದಲೂ ಸುಲಭ. ಒಂದು ಕಡೆ ಗಟ್ಟಿಯಾಗಿ ನಿಲ್ಲುವುದು ಬರಲಿಲ್ಲ. ಮತ್ತೆ ಬಾಡಿಗೆ ಮನೆ, ಮತ್ತೆ ದಿನ ಬಿಟ್ಟು ದಿನ ನೀರು. ವಾರಗಟ್ಟಲೆ ಯಾರ ಮೇಲೋ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯಲು ಬಹಳ ದಿನ ಬೇಕಾಯಿತು.

ಮಾರನೆಯ ವರ್ಷ ಒಂದು ಭಾನುವಾರ ಅಕ್ಕನನ್ನು ನೋಡಲು ಹೋದೆ. ಮಡಿಗಳು ಮನೆಯ ಹಿಂದಿನವರೆಗೂ ಹಬ್ಬಿದ್ದವು. ಅಕ್ಕನೂ ಅಜ್ಜಿಯೂ ಬೆಳಿಗ್ಗೆ ಕೆಂಗೇರಿಯಲ್ಲಿ ಸೊಪ್ಪು ಮಾರಿ ಆಗಷ್ಟೇ ಬಂದಿದ್ದರು. ಅಕ್ಕ ಕಪ್ಪಾಗಿದ್ದರು, ತೆಳ್ಳಗಾಗಿದ್ದರು, ಜೋರಾಗಿ ಮಾತಾಡುತ್ತಿದ್ದರು. ಕುಶಲ ಕೇಳುವ ಮೊದಲೇ ನನ್ನ ಕೈಗೆ ಒಂದು ಕುಡುಗೋಲು ಕೊಟ್ಟರು.

“ಮೇಷ್ಟ್ರು ಹೇಗಿದಾರೆ?” ಎಂದೆ.

“ಅಗೋ ಅಲ್ಲಿ, ಕಳೆ ಕೀಳ್ತಾ ಇದಾರೆ. ಭಾನುವಾರ ಬರ್ತಾರೆ, ಸಂಜೆ ಹೋಗ್ತಾರೆ.” ದಂಟಿನ ಸಾಲುಗಳ ನಡುವೆ ಟವೆಲ್ ಸುತ್ತಿದ ತಲೆಯೊಂದು ಕಾಣಿಸಿತು. ಅಕ್ಕ ದನಿ ತಗ್ಗಿಸಿದರು. “ಸದ್ಯ ಮಾತಾಡಿಸ್ಬೇಡ ಕಣೇ. ಶುರು ಮಾಡ್ಬಿಡ್ತಾರೆ, ಆಮೇಲೆ ಕೆಲಸ ನಿಂತೋಗುತ್ತೆ.”