ಹಿಂಬದಿಯ ಗಂಟು

ಹೆಬ್ಬಳ್ಳಿಯ ರತ್ನವ್ವನಿಗೆ ಕಸೂತಿಯೆಂದರೆ ಜೀವ. ಒಂದೂ ಗಂಟಿಲ್ಲದೆ, ಸೀರೆಯ ಎರಡೂ ಬದಿಗೆ ಒಂದೇ ತೆರನಾದ ಆನೆ ಮೂಡಬೇಕು. ತಪ್ಪಿದರೆ ಬಿಚ್ಚಿ ಮತ್ತೆ ಹಾಕುವುದೇ ಅವಳ ಸುಖ.

ಮೂವತ್ತನೇ ಇಸವಿಯಲ್ಲಿ ಹತ್ತಿಯ ಧಾರಣೆ ಬಿತ್ತು. ಹತ್ತಿ ವ್ಯಾಪಾರಿಯಾದ ಗಂಡ ಚನಮಲ್ಲಪ್ಪ ಹುಬ್ಬಳ್ಳಿಯ ಅಂಗಡಿಯಿಂದ ಕೂಲಿ ಕಸೂತಿಗೆಂದು ರಾಶಿ ಸೀರೆ ತಂದು ಅವಳ ಮುಂದೆ ಸುರಿದ.

“ಹಿಂದಿನ ಬದಿ ಯಾರ್ ನೋಡ್ತಾರ? ಗಂಟ್ ಹಾಕಿ ಲಗೂ ಮುಗಸು.”

ಮೊದಲ ಗಂಟು ಹಾಕಿದ ದಿನ ಅವಳಿಗೆ ಊಟ ಸೇರಲಿಲ್ಲ. ಆಮೇಲೆ ರೂಢಿಯಾಯಿತು. ಹತ್ತಿಯ ಧಾರಣೆ ಚೇತರಿಸಿಕೊಂಡರೂ ಸೀರೆಗಳು ಬರುವುದು ನಿಲ್ಲಲಿಲ್ಲ.

ಮಗಳ ಮದುವೆಯ ಸೀರೆಯನ್ನಾದರೂ ತನ್ನ ಮನಸ್ಸಿನಂತೆ ಮಾಡಬೇಕೆಂದು ಆಸೆಯಿಂದ ಕೂತಳು. ಮುಗಿಸಿ ತಿರುವಿದರೆ ಹಿಂದೆಲ್ಲ ಗಂಟು. ಬೆರಳು ಅವಳ ಮಾತು ಕೇಳಿರಲಿಲ್ಲ.

ಮಗಳು ಸೆರಗು ಸವರಿ ಹಿಗ್ಗಿದಳು. “ಎಷ್ಟ್ ಛಲೋ ಆಗೇತವ್ವಾ, ಥೇಟ್ ಅಂಗಡಿ ಸೀರಿಗತೆ.”